ಪೂತನಿಯನ್ನು ಮಂಗ ಒಯ್ಯಲಿಲ್ಲ

ಪ್ರಾಂಜಲ್, ನಿನ್ನ ಪೂತನಿಯ ಮುಖವಾಡವನ್ನು ಮಂಗ ಎತ್ತಿಕೊಂಡು ಹೋಗಲಿಲ್ಲ. ಎತ್ತಿಕೊಂಡು ಹೋದವಳು ನಾನು — ನಿನ್ನ ಮನೆ ಓನರ್, ನೀನು ಬಾಯಿತುಂಬ ಅಕ್ಕಾ ಅಂತಿದ್ದ ಈ ಸರೋಜಮ್ಮ. ಆರು ವರ್ಷದಿಂದ ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೀನಿ.

ಆಗ ನೀನು ನರಸಾಪುರದ ನಮ್ಮ ಮಹಡಿ ರೂಮಿನಲ್ಲಿದ್ದು ಫ್ಯಾಕ್ಟರಿಗೆ ಹೋಗುತ್ತಿದ್ದೆ. ನಿಮ್ಮ ಮಾಜುಲಿ ಬ್ರಹ್ಮಪುತ್ರದ ನಡುವಿನ ದ್ವೀಪ, ಅಲ್ಲಿ ಸತ್ರ ಅಂದರೆ ಕೃಷ್ಣನ ಮಠ, ಆ ಮಠದ ನಾಟಕಕ್ಕೆ ನಿಮ್ಮಪ್ಪ ಬಿದಿರು ಹೆಣೆದು, ಮಣ್ಣು ಸಗಣಿ ಮೆತ್ತಿ ಮುಖವಾಡ ಮಾಡುತ್ತಾರೆ — ಎಲ್ಲ ನೀನು ಹೇಳಿದ್ದೆ. ನಾನು ಬರೀ ಹೂಂಗುಟ್ಟಿದ್ದೆ. ನನ್ನ ಕಣ್ಣಿಗೆ ಬಿದ್ದದ್ದು ಆ ಕೋರೆಹಲ್ಲು, ಆ ಗುಡ್ಡೆಗಣ್ಣು, ಆ ನಾಲಿಗೆ! ಆ ಸಲ ಹೋಳೂರಿನ ನಮ್ಮ ತೋಟದಲ್ಲಿ ಟೊಮೆಟೊ ಗೊಂಚಲು ಗೊಂಚಲಾಗಿ ಬಿಟ್ಟಿತ್ತು, ದಾರೀಲಿ ಹೋಗೋರೆಲ್ಲ ನಿಂತು ನೋಡೋರು. ಅಂಗಡಿಯ ದೃಷ್ಟಿಬೊಂಬೆ ನಿನ್ನ ಪೂತನಿಯ ಮುಂದೆ ಏನೂ ಅಲ್ಲ ಅನಿಸಿತು. ನೀನು ಸೆಕೆಂಡ್ ಶಿಫ್ಟಿಗೆ ಹೋದಾಗ, ಮಹಡಿಯ ಬಿಸಿಲಿಗೆ ಇಟ್ಟಿದ್ದನ್ನು ಒಯ್ದು ತೋಟದ ಕೋಲಿಗೆ ಕಟ್ಟಿಬಿಟ್ಟೆ. ಎರಡು ದಿನ ಇದ್ದರೆ ಸಾಕು, ತಂದಿಡೋಣ ಅಂತ...

ಅವತ್ತೇ ಮಳೆ ಹುಯ್ಯಿತು. ಕೋಲಿನ ಮೇಲೆ ಉಳಿದದ್ದು ಬರೀ ಬಿದಿರಿನ ಬುಟ್ಟಿ.

ಮರುದಿನ ನೀನು ಕೇಳಿದಾಗ, ಮಂಗ ಕಣೋ ಅಂದುಬಿಟ್ಟೆ. ಭಾನುವಾರವೇ ಇಲ್ಲಿ ಕೆಲಸಕ್ಕಿದ್ದ ನಿಮ್ಮೂರ ಹುಡುಗರೆಲ್ಲ ಸೇರಿ ಆಡಬೇಕಿದ್ದ ನಾಟಕ. ನೀನು ಬೈಯಲಿಲ್ಲ.

"ಹೋಗ್ಲಿ ಬಿಡಿ ಅಕ್ಕಾ. ಅಪ್ಪ ಮಾಡಿದ್ದು, ದೇವರ ಮುಂದೆ ಕುಣಿದಿದ್ದು ಅಂತ ಮಂಗಕ್ಕೇನು ಗೊತ್ತು?"

ಕೊನೆಗೆ ನೀನು ಮುಖಕ್ಕೆ ಬಣ್ಣ ಬಳಿದುಕೊಂಡು, ನನ್ನ ಸೀರೆಯನ್ನೇ ಉಟ್ಟು ಪೂತನಿಯಾದೆ. ನಕ್ಕೂ ನಕ್ಕೂ ನನ್ನ ಪಕ್ಕೆ ನೋವು ಬಂತು. ಆಟ ಮುಗಿದ ಮೇಲೆ, ಸೀರೆ ಕೊಟ್ಟ ಅಕ್ಕ ಅಂತ ಎಲ್ಲರೆದುರು ನಿಮ್ಮ ಕಡೆಯ ಕೆಂಪಂಚಿನ ಶಲ್ಯ, ಗಾಮೋಸಾ, ನನ್ನ ಕೊರಳಿಗೆ ಹಾಕಿ ನಮಸ್ಕಾರ ಮಾಡಿದೆ. ನಾಚಿಕೆಗೆಟ್ಟವಳು, ಹಾಕಿಸಿಕೊಂಡೆ. ಇವತ್ತಿಗೂ ಅದನ್ನು ಹೆಗಲ ಮೇಲೆ ಹಾಕಿಕೊಳ್ಳಲು ಆಗಿಲ್ಲ.

ಮೊನ್ನೆ ನೀನು ಊರಿಂದ ಫೋನ್ ಮಾಡಿ, ಈ ಸಲ ನಮ್ಮ ರಾಸದ ಹಬ್ಬಕ್ಕೆ ಬನ್ನಿ ಅಂದೆ. ಮಾತಿನ ಮಧ್ಯೆ, ಅಪ್ಪನಿಗೆ ಕೈ ನಡುಗುತ್ತೆ, ಹೆಣೆಯೋದು ಬಿಟ್ಟಿದ್ದಾರೆ ಅಂದೆ. ಅಂದರೆ ಅಂಥದ್ದು ಇನ್ನೊಂದು ಅವರ ಕೈಯಿಂದ ಬರೋದಿಲ್ಲ.

ರೈಲಿಗೆ ಬುಕ್ ಮಾಡಿಸಿದ್ದೀನಿ. ದೋಣಿ ಅಂದರೆ ನನಗೆ ಜೀವ ಹೋಗುತ್ತೆ, ಆದರೂ ಬರ್ತೀನಿ. ಆ ಬಿದಿರಿನ ಬುಟ್ಟಿ ಎಸೆದಿಲ್ಲ, ಅಟ್ಟದ ಮೇಲಿತ್ತು, ಈಗ ಬ್ಯಾಗಿನಲ್ಲಿದೆ. ಅದನ್ನು ನಿಮ್ಮಪ್ಪನ ಮುಂದಿಟ್ಟು ನಾನೇ ಹೇಳ್ತೀನಿ. ಮಣ್ಣು ಸಗಣಿ ಕಲಸೋದು ನನಗೂ ಬರುತ್ತೆ, ಅವರು ಕೂತಲ್ಲಿಂದಲೇ ಹೇಳಿಕೊಟ್ಟರೆ ಸಾಕು.

ಮಂಗ ಬರ್ತಾ ಇದೆ ಅಂತ ಅವರಿಗೆ ತಿಳಿಸಿರು.