ಬರ್ಫದ ಕಾರ್ಖಾನೆಯ ಗೋಲ್‌ಕೀಪರ್ ಅಲ್ಲಾಭಕ್ಷ

ಅಲ್ಲಾಭಕ್ಷನ ಹೆಸರೆತ್ತಿದರೆ ಬೆಳಗಾವಿಯ ಹಳೇ ಹಾಕಿ ಮಂದಿಯ ಬಾಯಲ್ಲಿ ಬರುವುದು ಒಂದೇ ಮಾತು: "ಖಾನಾಪುರದಾಗ ಗೋಲ್ ಬಿಟ್ಟು ಓಡಿದಾಂವ ಅಲ್ಲೇನು?" ಓಡಲಿಲ್ಲ ಮಾರಾಯರೇ, ಜಿಗಿದ. ಯಾಕೆ ಜಿಗಿದ ಅಂತ ಕೇಳುವ ಸೌಜನ್ಯ ಮಾತ್ರ ಈ ಊರಿನ ಒಬ್ಬ ಮಗನಿಗೂ ಇಲ್ಲ.

ನಾವಿಬ್ಬರೂ ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯಲ್ಲಿದ್ದೆವು. ನಾನು, ಬಸಯ್ಯ, ಅಚ್ಚಿನಿಂದ ಬರ್ಫದ ಲಾದಿ ಬಿಡಿಸಿ ಹಲಗೆಯ ಮೇಲೆ ಕೆಳಕ್ಕೆ ನೂಕುವವನು. ಅಲ್ಲಾಭಕ್ಷ ಕೆಳಗೆ ನಿಂತು ಅದಕ್ಕೆ ಕೊಕ್ಕೆ ಹಾಕಿ ಲಾರಿಯ ಕಡೆಗೆ ಎಳೆಯುವವನು. ಲಾದಿ ಅಂದರೆ ಎದೆಯುದ್ದದ ಬರ್ಫ. ಒದ್ದೆ ಹಲಗೆಯ ಮೇಲೆ ಜಾರಿತೋ, ಅದಕ್ಕೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ನಾನು ಮೇಲಿನಿಂದ "ಬಂತು!" ಅಂತ ಕೂಗಬೇಕು, ಅವನು ಪಕ್ಕಕ್ಕೆ ಜಿಗಿಯಬೇಕು. ಲಾದಿ ಗೋಡೆಗೆ ಬಡಿದು ನಿಂತ ಮೇಲೆ ಕೊಕ್ಕೆ. ಹನ್ನೊಂದು ವರ್ಷದಲ್ಲಿ ಅವನ ಕಾಲಿನ ಒಂದು ಉಗುರೂ ಹೋಗಿರಲಿಲ್ಲ.

ಆದರೂ ಅವನು ಹಂಗಾಮಿಯೇ. ನಾನೂ ಅಷ್ಟೇ. ಮಳೆ ಹಿಡಿಯಿತೆಂದರೆ ಬರ್ಫ ಯಾರಿಗೆ ಬೇಕು? ಜೂನ್ ಬಂದರೆ ನಮ್ಮನ್ನು ಮನೆಗೆ ಕಳಿಸುತ್ತಿದ್ದರು. ನನಗೆ ಅಣ್ಣನ ಕಿರಾಣಿ ಅಂಗಡಿಯಾದರೂ ಇತ್ತು. ಅವನು ಹೆಂಡತಿ ಸುಗರಾಳನ್ನು ಕಟ್ಟಿಕೊಂಡು ಜಾಂಬೋಟಿಗೆ ಹೋಗಿ ಮೊಣಕಾಲು ಕೆಸರಲ್ಲಿ ಭತ್ತದ ನಾಟಿ ಮಾಡಬೇಕು. "ಜಾಂಬೋಟಿ ಜಿಗಣಿಗೋಳು ನನ್ನ ಹೆಸರು ಹಿಡದು ಕರೀತಾವಲೇ" ಅಂತ ನಗುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಸುಗರಾ ಅಲ್ಲೇ ಚಳಿಜ್ವರ ಹತ್ತಿ ಸಾಯುವುದೊಂದು ಬಾಕಿ ಇತ್ತು. ಅಂದಿನಿಂದ ನಗು ನಿಂತಿತು. ಖಾಯಂ ಆಗಬೇಕು, ಸುಗರಾಳನ್ನು ಮತ್ತೆ ಆ ಕೆಸರಿಗೆ ಇಳಿಸಬಾರದು. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

೧೯೭೯ರ ಬೇಸಿಗೆಯ ಹೊತ್ತಿಗೆ ನಮ್ಮ ಮಾಲೀಕ ಗುರುಪುತ್ರಪ್ಪನವರ ತಲೆಗೊಂದು ಹುಳ ಹೊಕ್ಕಿತು. ಪೇಪರಿನಲ್ಲಿ ಕೆನಡಾ ದೇಶದ ಚಿತ್ರ ನೋಡಿದ್ದರು: ಬರ್ಫದ ಮೇಲೆ ಹಾಕಿ, ಪಗಾರ ತೆಗೆದುಕೊಂಡು ಆಡುವ ಆಟಗಾರರು, ತಿಂಗಳುಗಟ್ಟಲೆ ಲೀಗ್. "ಏನ್ರಲೇ, ಬರ್ಫ ನಮ್ಮ ಕಡೀನೂ ಐತಿ. ಹಾಕಿ ಯಾಕ ಇರಬಾರ್ದು?" ಕಾರ್ಖಾನೆಗಳ ಲೀಗಿಗೆ ನಮ್ಮ ಹೆಸರು ಕೊಟ್ಟೇಬಿಟ್ಟರು. ಆಡುವುದು ಕೆಂಪು ಮಣ್ಣಿನ ಮೇಲೆಯೇ, ಆದರೆ ಅಂಗಿಯ ಬೆನ್ನಿಗೆ ಬರ್ಫದ ಚಿತ್ರ. ಜೊತೆಗೆ ಒಂದು ಮಾತು: "ಕಪ್ ತಂದ್ರ ಹನ್ನೊಂದೂ ಮಂದಿ ಖಾಯಂ."

ಅಲ್ಲಾಭಕ್ಷನನ್ನು ಗೋಲಿಗೆ ಆರಿಸಿದ್ದೂ ಅವರೇ. "ಹನ್ನೊಂದು ವರ್ಷದಾಗ ಇವಂಗ ಒಂದ ಲಾದೀನೂ ತಾಗಿಲ್ಲ. ಇಂಥಾ ಕಣ್ಣು ಎಲ್ಲಿ ಸಿಗತಾವ?" ತಪ್ಪಿಸಿಕೊಳ್ಳುವುದರಲ್ಲಿ ಪಳಗಿದವನನ್ನು ತಡೆಯುವ ಕೆಲಸಕ್ಕೆ ಹಚ್ಚಿದ ಆ ಬುದ್ಧಿಗೆ ಕೈ ಮುಗಿಯಬೇಕು!

ಮೊದಲ ದಿನದ ಪ್ರಾಕ್ಟೀಸಿನಲ್ಲೇ ಬಣ್ಣ ಬಯಲಾಯಿತು. ನಾನು ಅವನ ಮುಂದೆ ಫುಲ್‌ಬ್ಯಾಕ್. ಚೆಂಡು ನನ್ನನ್ನು ದಾಟಿದಾಗ ರೂಢಿಯಂತೆ "ಬಂತು!" ಅಂದೆ. ಅವನು ಮೂರು ಅಡಿ ಆಚೆ. ಚೆಂಡು ಗೋಲಿನೊಳಗೆ. ಮತ್ತೊಂದು ಸಲವೂ ಹಾಗೇ. ಅವನು ಎಲ್ಲರನ್ನೂ ಕರೆದು ಕೈ ಮುಗಿದ. "ನಿಮ್ಮ ಕಾಲಿಗೆ ಬೀಳ್ತೀನಿ, ಗ್ರೌಂಡ್ ಮ್ಯಾಲೆ ಯಾರೂ ಆ ಮಾತ ಅನಬ್ಯಾಡ್ರಿ. ಭಾಯಿ ಅನ್ರಿ, ಬೇಕಾದ್ರ ಬೈರಿ. ಆ ಮಾತು ಕಿವೀಗೆ ಬಿದ್ರ ನನ್ನ ಕಾಲು ನನ್ನ ಮಾತು ಕೇಳೂದಿಲ್ಲ."

ನಾವು ಬೈದೆವು. ಎರಡು ತಿಂಗಳು ಮನಸಾರೆ ಬೈದೆವು. ಅವನು ಗೋಲಿನಲ್ಲಿ ಗಟ್ಟಿಯಾಗಿ ನಿಂತ. ಕಾಲಿಗೆ ಗೋಣಿತಾಟು ಸುತ್ತಿಕೊಂಡು, ಎದೆಗೆ, ಗದ್ದಕ್ಕೆ ಚೆಂಡು ತಿಂದು, ಒಂಬತ್ತು ಪಂದ್ಯಗಳಲ್ಲಿ ಬಿಟ್ಟದ್ದು ನಾಲ್ಕೇ ಗೋಲು. ಕೊನೆಯ ಪಂದ್ಯ ಖಾನಾಪುರದಲ್ಲಿ, ಅಲ್ಲಿನ ಹಂಚಿನ ಭಟ್ಟಿಯವರ ಮೇಲೆ. ಡ್ರಾ ಆದರೂ ಸಾಕು, ಕಪ್ ನಮ್ಮದು.

ರೈಲಿನಲ್ಲಿ ಹೋದೆವು. ಎದುರಾಳಿಗಳಿಗೆ ಶರಬತ್ತಿಗೆಂದು ಮಾಲೀಕರು ಒಂದು ಲಾದಿ ಕಳಿಸಿದ್ದರು. ಅದು ದಾರಿಯುದ್ದಕ್ಕೂ ಕರಗಿ ರೈಲುಡಬ್ಬಿಯ ಮಂದಿಯ ಗಂಟುಮೂಟೆಯೆಲ್ಲ ತೋಯಿಸಿ, ನಮಗೆ ಮರಾಠಿಯಲ್ಲೂ ಕನ್ನಡದಲ್ಲೂ ಬೈಗುಳ ತಿನ್ನಿಸಿತು.

ಒಂದಕ್ಕೊಂದು ಗೋಲು. ಆಟ ಮುಗಿಯಲು ನಿಮಿಷವೂ ಉಳಿದಿರಲಿಲ್ಲ. ಅವರ ಸೆಂಟರ್ ಫಾರ್ವರ್ಡ್ ಸಿದರಾಯ, ಹಂಚು ಹೊತ್ತು ಹೊತ್ತು ಗೂಳಿಯಾಗಿದ್ದವನು, ನನ್ನನ್ನು ಭುಜದಿಂದ ಒಗೆದು ಮುನ್ನುಗ್ಗಿದ. ನಾನು ಮಣ್ಣಿನಲ್ಲಿ ಬಿದ್ದಿದ್ದೆ. ಬಾಯಿ ತೆರೆದೆ.

"ಬಂತು!"

ಅಲ್ಲಾಭಕ್ಷ ಜಿಗಿದ. ಆಹಾ, ಏನು ಜಿಗಿತ! ಸಿದರಾಯನ ಹೊಡೆತವೋ ಸತ್ತ ಹೊಡೆತ. ಕೂಸು ಕಾಲಿಟ್ಟಿದ್ದರೂ ನಿಲ್ಲುತ್ತಿತ್ತು. ಚೆಂಡು ಉರುಳುತ್ತಾ ಉರುಳುತ್ತಾ ಒಳಗೆ ಹೋಯಿತು. ಖಾನಾಪುರದ ಮಂದಿ ಟೋಪಿ ಹಾರಿಸಿದರು. ಅವನು ನನ್ನ ಕಡೆ ಒಮ್ಮೆ ನೋಡಿದ, ಅಷ್ಟೇ.

ಮರುದಿನ ಮಾಲೀಕರು ಎಲ್ಲರನ್ನೂ ನಿಲ್ಲಿಸಿ ಉಗಿದರು. ತಂಡ ಬರಖಾಸ್ತು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಬಿದ್ದಲ್ಲಿಂದನೂ ಬಂತು ಅಂತ ಎಚ್ಚರಾ ಕೊಟ್ಟಾಂವ ಇವನೊಬ್ಬನ. ನಾ ಕಿವಿಯಾರೆ ಕೇಳೇನಿ. ಇವನ್ನ ಖಾಯಂ ಮಾಡ್ರಿ." ಹಲಗೆಯ ಹತ್ತಿರ ಒಂದು ದಿನವೂ ನಿಲ್ಲದ ಪುಣ್ಯಾತ್ಮ, ಆ ಕೂಗಿಗೆ ಜಿಗಿ ಅಂತ ಅರ್ಥ ಅನ್ನುವುದು ಅವರಿಗೇನು ಗೊತ್ತು! ಅಲ್ಲಾಭಕ್ಷ ತಲೆ ತಗ್ಗಿಸಿ ನಿಂತಿದ್ದ. ಅವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಸಂಜೆ ಖಂಜರ ಗಲ್ಲಿಯ ಅವನ ಮನೆಗೆ ಹೋದೆ. "ಬರ್ರಿ ಅಯ್ಯನವರ, ಕುಂದರ್ರಿ" ಅಂತ ಸುಗರಾ ಚಾಪೆ ಹಾಸಿದಳು. ಅವನು ಜಾಂಬೋಟಿಗೆ ಗಂಟು ಕಟ್ಟುತ್ತಿದ್ದ.

"ಭಾಯಿ, ಮಾಲಕರಿಗೆ ಖರೇ ಹೇಳ್ತೀನಿ" ಅಂದೆ.

"ಹೇಳಿ ಏನ್ ಮಾಡ್ತಿ? ನನ್ನೂ ತುಗೊಳ್ಳೂದಿಲ್ಲ, ನಿನ್ನೂ ಹೊರಗ ಹಾಕ್ತಾರ." ಗಂಟನ್ನು ಹಲ್ಲಿನಿಂದ ಬಿಗಿದ. "ಹನ್ನೊಂದು ವರ್ಷ ನೀ ಕೂಗಿದ್ದಕ್ಕ ನನ್ನ ಕಾಲು ಉಳದಾವ. ಅದನ್ನ ಮರಿಯೂದಿಲ್ಲ. ಆದ್ರ ಹೊಟ್ಟಿ ಉರೀತೈತಿ ಬಸಯ್ಯಾ, ಸುಳ್ಳ ಯಾಕ ಹೇಳಲಿ? ಇವತ್ತ ನಿನ್ನ ಮಾರಿ ನೋಡಾಕ ಆಗವಲ್ದು. ಚಾ ಕುಡದು ಹೋಗು."

ಸುಗರಾ ಚಹಾ ಕೊಟ್ಟಳು. ಕುಡಿದೆ. ಮರುದಿನ ಬೆಳಿಗ್ಗೆ ಅವರಿಬ್ಬರೂ ಜಾಂಬೋಟಿ ಬಸ್ ಹತ್ತಿದರು. ನಾನು ಎಂಟಕ್ಕೆ ಸರಿಯಾಗಿ ಖಾಯಂ ಕೆಲಸಕ್ಕೆ ಹಾಜರಾದೆ.