ಇರುವೆ ಗುರುತಿನ ಮಡಕೆಗಳು

ಬರ್ನಿತಾಳಂಥ ಪೆದ್ದಿ ನಮ್ಮೂರು ಪೊಲಾಕ್ಕದಲ್ಲಿ ಇನ್ನೊಬ್ಬಳಿಲ್ಲ ಅಂತ ನಾವೆಲ್ಲ ಆಡಿಕೊಂಡಿದ್ದುಂಟು. ಆಡಿಕೊಂಡ ನಮ್ಮ ಬಾಯಿಗೆ ಮಣ್ಣು ಬೀಳಲಿ.

ಅವಳ ತಾಯಿ ಮಿನ್ನೀ ಮಡಕೆ ಮಾಡುವುದರಲ್ಲಿ ಎತ್ತಿದ ಕೈ. ಮಣ್ಣಿನ ಸುರುಳಿ ಸುತ್ತಿ ಸುತ್ತಿ ಅವಳು ಎಬ್ಬಿಸಿದ ಮಡಕೆ ಹಿಡಿದರೆ ಭಾರವೇ ಗೊತ್ತಾಗುತ್ತಿರಲಿಲ್ಲ. ತಳದಲ್ಲಿ ಹೆಸರಿನ ಬದಲು ಒಂದು ಪುಟ್ಟ ಇರುವೆ ಬರೆಯುತ್ತಿದ್ದಳು. ಬರ್ನಿತಾಳಿಗೆ ಮೂವತ್ತು ತುಂಬಿದ ವರ್ಷ ಮಿನ್ನೀಯ ಕಣ್ಣು ಮಂಜಾಯಿತು. ಯುಕ್ಕಾ ಗಿಡದ ನಾರಿನ ಎಲೆಯ ತುದಿ ಜಗಿದು ಮಾಡಿದ ಕುಂಚ ಹಿಡಿದು ಕೂತರೆ ಗೆರೆ ಎಲ್ಲೆಲ್ಲೋ ಹೋಗುತ್ತಿತ್ತು. ಅಮ್ಮ ಅಳುವುದನ್ನು ನೋಡಲಾರದೆ ಮಗಳು ಕುಂಚ ಇಸಿದುಕೊಂಡಳು. ಅಲ್ಲಿಂದ ಮಣ್ಣು ಹೊತ್ತು ತರುವುದು, ಕಟ್ಟುವುದು, ಕಲ್ಲಿನಲ್ಲಿ ಉಜ್ಜಿ ಹೊಳಪು ತರುವುದು, ಚಿತ್ತಾರ ಬರೆಯುವುದು, ಕುರಿಗೊಬ್ಬರದ ಹೆಂಟೆ ಒಟ್ಟಿ ಸುಡುವುದು, ಎಲ್ಲ ಅವಳದೇ. ತಳದ ಇರುವೆ ಮಾತ್ರ ಅಮ್ಮನದು. ಕೊನೆಕೊನೆಗೆ ಅದನ್ನೂ ಮಗಳೇ ಬರೆದಳು.

"ಈ ಸಲ ಇರಲಿ ಬಿಡೇ," ಅನ್ನುತ್ತಿದ್ದಳು ಮಿನ್ನೀ. "ಕೊಳ್ಳೋರು ನನ್ನ ಮುಖ ನೋಡ್ಕೊಂಡು ಬರ್ತಾರೆ. ಮುಂದಿನ ಸಲ ನಿನ್ನ ಹೆಸರೇ ಹಾಕುವಂತೆ. ನಾನೇ ಹೇಳ್ತೀನಿ ಅವರಿಗೆ."

"ಹೂಂ, ಹೇಳ್ತೀಯ ಹೇಳ್ತೀಯ! ಬಂದವರ ಎದುರಿಗೆ ಎಲ್ಲ ನೀನೇ ಮಾಡಿದ್ದು ಅಂತ ನಿನ್ನ ಬೆರಳು ತೋರಿಸಿಕೊಂಡು ಕೂರ್ತೀಯ."

ತಾಯಿ ಮಗಳು ಇಬ್ಬರೂ ನಗುತ್ತಿದ್ದರು. ಹತ್ತೊಂಬತ್ತು ವರ್ಷ ನಕ್ಕರು. ಆ ಮುಂದಿನ ಸಲ ಬರಲೇ ಇಲ್ಲ. ಹೋದ ಜನವರಿಯಲ್ಲಿ ಮಿನ್ನೀ ತೀರಿಕೊಂಡಳು.

ಬೇಸಗೆಯಲ್ಲಿ ಬರ್ನಿತಾ ಒಂದು ಮಡಕೆ ಮಾಡಿ, ತಳದಲ್ಲಿ ಮೊದಲ ಸಲ ತನ್ನ ಹೆಸರು ಬರೆದು ಸುಟ್ಟಳು. ಜೇನಿನ ಬಣ್ಣಕ್ಕೆ ತಿರುಗಿ ಎಷ್ಟು ಚಂದ ಬಂದಿತ್ತು ಅಂತೀರಿ! ಆಗಸ್ಟಿನಲ್ಲಿ ಫೀನಿಕ್ಸಿನಿಂದ ಹಾರ್ಲನ್ ಬಂದ. ವರ್ಷ ವರ್ಷ ಬಂದು ಇರುವೆಯ ಮಡಕೆಗಳನ್ನು ಕೊಂಡು ಕೂಡಿಡುವವನು. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಮಡಕೆಯನ್ನು ಬೋರಲು ಹಾಕಿ ಹೆಸರು ಓದಿದ. ಬಹಳ ಹೊತ್ತು ತಿರುಗಿಸಿ ನೋಡಿದ.

"ಚೆನ್ನಾಗಿದೆ ಬರ್ನಿತಾ. ಆದರೆ ಬೇಜಾರು ಮಾಡ್ಕೋಬೇಡಿ, ಗೆರೆಯಲ್ಲಿ ಜೀವ ಇಲ್ಲ. ನಿಮ್ಮಮ್ಮ ಕಡೆಗಾಲದಲ್ಲಿ ಮಾಡಿದರಲ್ಲ, ಅವುಗಳ ಮುಂದೆ ಯಾವುದೂ ಇಲ್ಲ. ನನ್ನ ಹತ್ರ ಮೂವತ್ತೆಂಟಿವೆ."

"ಆ ಮೂವತ್ತೆಂಟೂ ನಾನು ಮಾಡಿದ್ದು."

ಹಾರ್ಲನ್ ಮರುಕದಿಂದ ನೋಡಿದ. "ತಾಯಿ ಹೋದ ಸಂಕಟ. ನನಗೆ ಅರ್ಥ ಆಗುತ್ತೆ."

"ಏನು ಅರ್ಥ ಆಗುತ್ತೆ ನಿಮಗೆ? ಸಂಕಟ ಅಲ್ಲ ರೀ, ನಿಜ! ಬೇಕಾದರೆ ಚಿಕ್ಕಮ್ಮನ್ನ ಕೇಳಿ."

ಮಿನ್ನೀಯ ತಂಗಿ ವೀಡಾ ಒಲೆಯ ಮುಂದೆ ಕುರಿಮಾಂಸದ ಸಾರು ತಿರುವುತ್ತಿದ್ದಳು. ನಾವು ಊಹಿಸಿದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಹತ್ತೊಂಬತ್ತು ವರ್ಷವೂ ಅದೇ ಮನೆಯಲ್ಲಿ ಪಕ್ಕದಲ್ಲೇ ಕೂತು ನೋಡಿದ್ದಳು. ಸೌಟು ಕೆಳಗಿಟ್ಟಳು.

"ಎಲ್ಲ ಮಾಡಿದ್ದು ನಮ್ಮಕ್ಕ," ಅಂದಳು.

"ಚಿಕ್ಕಮ್ಮಾ!"

ವೀಡಾ ಹಾರ್ಲನ್‌ಗೆ ತಿಳಿಯದ ಮನೆಮಾತಿಗೆ ತಿರುಗಿದಳು. "ಹೋದವಳ ಮುಖಕ್ಕೆ ಮಸಿ ಬಳೀತೀಯೇನೇ? ಕಳ್ಳಿ ಅನ್ನಿಸ್ತೀಯ ಅವಳನ್ನ? ಅವಳಿಗೆ ಅಂತ ಉಳಿದಿರೋದು ಆ ಹೆಸರೊಂದೇ."

"ನನಗೇನು ಉಳೀತು?"

"ನಿನಗೆ ಕೈ ಇದೆಯಲ್ಲೇ. ಇನ್ನೂ ಎಷ್ಟೋ ಮಾಡ್ತೀಯ."

ಇಬ್ಬರೂ ಏನೋ ವಾದಿಸುತ್ತಿದ್ದಾರೆ ಅಂತ ಹಾರ್ಲನ್‌ಗೆ ಗೊತ್ತಾಯಿತು. ಮೇಜಿನ ಮೇಲೆ ಇನ್ನೂ ಸುಡದ ಒಂದು ಮಡಕೆ ಇತ್ತು. ಪಕ್ಕದಲ್ಲಿ ಕಪ್ಪು ಬಣ್ಣ ತುಂಬಿದ ಬಟ್ಟಲು, ಕುಂಚ. "ಒಂದೇ ಒಂದು ಗೆರೆ ಎಳೆದು ತೋರಿಸಿ," ಅಂದ. "ನಿಮ್ಮನ್ನ ನಂಬಬೇಕು ಅಂತ ನನಗೂ ಆಸೆ ಇದೆ."

ಬರ್ನಿತಾ ಕುಂಚ ಎತ್ತಿಕೊಂಡಳು. ನಿದ್ದೆಗಣ್ಣಲ್ಲೂ ಎಳೆಯಬಲ್ಲ ಗೆರೆ ಅದು. ಆದರೆ ಚಿಕ್ಕಮ್ಮನ ಮಾತು ಎದೆಗೆ ನಾಟಿತ್ತು ನೋಡಿ. ಗೆರೆ ಸೊಟ್ಟಗಾಯಿತು. ಅದನ್ನು ಕೆರೆದು ತೆಗೆದು ಇನ್ನೊಂದು ಎಳೆದಳು. ಅದೂ ಸೊಟ್ಟ. ಮೂರನೆಯ ಸಲ ಕುಂಚ ಅದ್ದುವಾಗ ಬಟ್ಟಲೇ ಉರುಳಿಬಿತ್ತು. ಅಯ್ಯೋ, ಆ ಒಂದು ಗಳಿಗೆ ಅವಳ ಕೈ ಅವಳ ಮಾತು ಕೇಳಬಾರದಿತ್ತೇ? ವೀಡಾ ಮುಖ ತಿರುಗಿಸಿಕೊಂಡು ಒಲೆಯ ಕಡೆ ನಿಂತಳು.

ಹಾರ್ಲನ್ ನಗಲಿಲ್ಲ, ಚುಚ್ಚಲಿಲ್ಲ. ಅವಳ ಹೆಗಲು ತಟ್ಟಿ, ಜೇನು ಬಣ್ಣದ ಮಡಕೆ ಎತ್ತಿಕೊಂಡ.

"ಇದನ್ನೂ ತಗೋತೀನಿ ಬರ್ನಿತಾ, ನಿಮ್ಮಮ್ಮನ ನೆನಪಿಗೆ. ಅವರ ಮಡಕೆಗಳ ಕೆಳಗಿನ ಸಾಲಲ್ಲಿ ಇಡ್ತೀನಿ."

ಕೊಡಲ್ಲ ಹೋಗಯ್ಯ ಅನ್ನಬೇಕಿತ್ತು. ಮನೆಯಲ್ಲಿ ಹಿಟ್ಟು ಮುಗಿದು ಎರಡು ದಿನವಾಗಿತ್ತು. ಬರ್ನಿತಾ ಒಳಗಿನಿಂದ ಹಳೇ ಬಟ್ಟೆ ತಂದು, ದಾರಿಯಲ್ಲಿ ಒಡೆಯದ ಹಾಗೆ ತಾನೇ ಸುತ್ತಿ ಕೊಟ್ಟಳು.