ಇನ್ನೂ ಬೇಡ ಎಂದವರು

ವಿಮಾನ ನೆಲಕ್ಕಿಳಿಯುವ ಹೊತ್ತಿಗೆ ಅವರು ತಮ್ಮ ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿ ಅವುಗಳ ಮೇಲೆ ಕೂತುಬಿಡುತ್ತಿದ್ದರು. ಎಡಗೈಯ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹಳೆಯ ಗಾಯದ ಗೆರೆಯೊಂದಿತ್ತು. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗಿ ಕತ್ತಿ ತಾಗಿಸಿಕೊಂಡದ್ದು. ಆ ಗೆರೆ ತೊಡೆಯಡಿ ಮರೆಯಾಯಿತೆಂದರೆ ಇನ್ನು ವಿಮಾನ ಪೂರ್ತಿ ನಮ್ಮದೇ. ರನ್‌ವೇ ಎದ್ದು ಮುಖದ ಮೇಲೆ ಬರುತ್ತಿರುವಾಗ ಪಕ್ಕದ ಸೀಟಿನಲ್ಲಿ ಕೈಯೇ ಇಲ್ಲದ ಹೆಂಗಸೊಬ್ಬರು ಕೂತಂತೆ ಅನ್ನಿಸಿ ನನ್ನ ಬೆನ್ನು ಬೆವರುತ್ತಿತ್ತು.

"ನನ್ನ ಕೈ ನೋಡ್ಬೇಡ, ಅದು ಇವತ್ತು ರಜೆಯಲ್ಲುಂಟು. ನೆಲ ನೋಡು," ಎನ್ನುತ್ತಿದ್ದರು.

ನಿಜಕ್ಕೂ ತಪ್ಪಿದರೆ ಆ ಕೈಗಳು ಅರೆಕ್ಷಣದಲ್ಲಿ ಹೊರಬಂದು ವಿಮಾನವನ್ನು ಸರಿಮಾಡುತ್ತಿದ್ದವು. ಆಮೇಲೆ ಬೈಗುಳ.

ಅವರು ನನಗೆ ವಿಮಾನ ಹಾರಿಸಲು ಕಲಿಸಿದವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಮಾಧಾನ ಬಂದ ಮೇಲೆ ಬರೆಯೋಣವೆಂದು ಕಾದೆ. ಅದು ಬರುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನದು ಬೆಳ್ಳಾರೆ. ಅಪ್ಪ ಪೇಟೆಯಲ್ಲಿ ನೀರಿನ ಪಂಪುಗಳ ರಿಪೇರಿ ಮಾಡುತ್ತಿದ್ದರು. ಪುತ್ತೂರಿನಲ್ಲಿ ಪಿಯುಸಿ ಮುಗಿಸಿ, ಯಾರು ಎಷ್ಟು ನಕ್ಕರೂ ಕೇಳದೆ, ಬಯಲುಸೀಮೆಯ ಊರೊಂದರ ಹೊರಗಿದ್ದ ಖಾಸಗಿ ಹಾರಾಟ ಶಾಲೆಗೆ ಸೇರಿದೆ. ಮೊದಲ ವಾರ ಆಕಾಶದಲ್ಲಿ ವಿಮಾನ ಒಮ್ಮೆಲೇ ಕುಸಿದಂತಾದಾಗ ನಾನು "ಅಯ್ಯೋ, ಎಂತ ಮಾಡುದು ಈಗ!" ಎಂದು ಕೂಗಿಬಿಟ್ಟೆ. ಅಲ್ಲಿಯವರೆಗೆ ಬರೀ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಮೇಡಂ ನನ್ನತ್ತ ತಿರುಗಿದರು.

"ನೀನು ಎಲ್ಲಿಯವಳು ಮಾರಾಯ್ತಿ?"

"ಬೆಳ್ಳಾರೆ, ಮೇಡಂ."

"ಹಾಗೆ ಹೇಳು. ಪುತ್ತೂರು ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿದ ಹಾಗೆ ಹಿಡ್ಕೊಂಡಿದ್ದಿ. ಬಿಡು ಸ್ವಲ್ಪ. ನಂದು ಕಡಬ."

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಣಗಿದ ಪುನರ್ಪುಳಿ ಹಣ್ಣಿನ ಹುಳಿ ಸಿಪ್ಪೆ ಇರುತ್ತಿತ್ತು. ಹೊಟ್ಟೆ ತೊಳಸಿದವರ ಬಾಯಿಗೆ ಒಂದು ಚೂರು ಹಾಕಿ, "ಚೀಪು. ವಾಂತಿ ಮಾಡಿದ್ರೆ ನೀನೇ ತೊಳೆಯುದು," ಎನ್ನುತ್ತಿದ್ದರು. ಹೊಗಳುತ್ತಿರಲಿಲ್ಲ. ಚೆನ್ನಾಗಿ ಇಳಿಸಿದ ದಿನ ಬೈಯುತ್ತಿರಲಿಲ್ಲ, ಅಷ್ಟೇ. ಅವರ ಅಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿ ಮಗಳನ್ನು ಓದಿಸಿದ್ದರು. ವಿದ್ಯಾರ್ಥಿವೇತನ ಹಿಡಿದು ಹಾರಾಟ ಕಲಿತ ಅವರು ದೊಡ್ಡ ವಿಮಾನಗಳ ಕೆಲಸಕ್ಕೆ ಹೋಗಬಹುದಿತ್ತು. ಯಾಕೆ ಹೋಗಲಿಲ್ಲವೆಂದು ಕೇಳಿದ್ದಕ್ಕೆ, "ಅಲ್ಲಿ ಹಿಂದೆ ಕೂತವರು ಮಲಗಿರ್ತಾರೆ. ಇಲ್ಲಿ ಪಕ್ಕದಲ್ಲಿ ಕೂತವರು ನಡುಗ್ತಾರೆ. ನನಗೆ ಇದೇ ಖುಷಿ," ಎಂದರು.

ನನ್ನ ಮೊದಲ ಸೋಲೋ, ಅಂದರೆ ಒಬ್ಬಳೇ ವಿಮಾನ ಹಾರಿಸುವ ದಿನ, ಬಂದದ್ದು ಯಾವ ಮುನ್ಸೂಚನೆಯೂ ಇಲ್ಲದೆ. ಬೆಳಿಗ್ಗೆ ಅವರ ಜೊತೆ ಮೂರು ಸಲ ಎತ್ತಿ ಇಳಿಸಿದ್ದೆ. ಮೂರನೆಯ ಸಲ ಇಳಿದಾಗ ವಿಮಾನವನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದರು. ಎಂಜಿನ್ ಓಡುತ್ತಲೇ ಇತ್ತು. ಅವರು ಬೆಲ್ಟ್ ಬಿಚ್ಚಿ ಇಳಿದು, ಖಾಲಿ ಸೀಟಿನ ಬೆಲ್ಟನ್ನು ಮತ್ತೆ ಬಿಗಿದು ಕಟ್ಟಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದರು.

"ನಾನು ಇಳಿದ ಮೇಲೆ ಗಾಡಿ ಹಗುರ ಆಗ್ತದೆ. ಬೇಗ ಮೇಲೆ ಹೋಗ್ತದೆ. ಅದಕ್ಕೆ ಹೆದರ್ಬೇಡ. ಒಂದೇ ಸುತ್ತು. ಚಂದ ಇಳಿಸ್ಲಿಕ್ಕೆ ಹೋಗ್ಬೇಡ, ಸರಿಯಾಗಿ ಇಳಿಸು."

ಬಾಗಿಲು ಹಾಕಿ, ಹಿಂತಿರುಗಿ ನೋಡದೆ ನಡೆದುಬಿಟ್ಟರು. ಅವರು ಹೇಳಿದಂತೆಯೇ ವಿಮಾನ ಚಿಮ್ಮಿತು. ಪಕ್ಕದ ಸೀಟು ಎಷ್ಟು ಖಾಲಿಯಾಗಿತ್ತೆಂದರೆ ಅತ್ತ ನೋಡಲು ಧೈರ್ಯವಾಗಲಿಲ್ಲ. ಸುತ್ತು ಹಾಕಿ ಇಳಿಯಲು ಬರುವಾಗ ರನ್‌ವೇಯ ನಡುವೆ ಮೂರು ನಾಯಿಗಳು ಕಂಡವು. ಒಂದು ಮಲಗಿತ್ತು. ಓಡಿಹೋಗುತ್ತವೆ ಎಂದುಕೊಂಡು ಇನ್ನಷ್ಟು ಕೆಳಗೆ ಬಂದೆ. ಅವು ಓಡಲಿಲ್ಲ. ಏನಾಯಿತೋ, ಕೈ ತಾನಾಗಿ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟಿತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದೆ. ಎರಡನೆಯ ಸುತ್ತಿನಲ್ಲಿ ಇಳಿಸಿದೆ. ಅದು ಚಂದವಾಗಿರಲಿಲ್ಲ. ಎರಡು ಸಲ ಪುಟಿಯಿತು.

ಇಳಿದು ಬಂದಾಗ ಮೇಡಂ ಒಂದು ಬಕೆಟ್ ನೀರು ಹಿಡಿದು ನಿಂತಿದ್ದರು. ಸೋಲೋ ಮುಗಿಸಿದವರ ತಲೆಗೆ ನೀರು ಸುರಿಯುವುದು ಎಲ್ಲ ಹಾರಾಟ ಶಾಲೆಗಳ ಪದ್ಧತಿ. ಸುರಿಯುವ ಮೊದಲು ಕೇಳಿದರು:

"ನಾಯಿ ಕಂಡದ್ದು ಯಾವಾಗ?"

"ತಿರುವು ಮುಗಿದ ಕೂಡಲೇ."

"ಮತ್ತೆ ಮೇಲೆ ಹೋಗ್ಲಿಕ್ಕೆ ಎಂತಕ್ಕೆ ಅಷ್ಟು ತಡ ಮಾಡಿದ್ದು? ಬೇಡ ಅಂತ ಅನ್ನಿಸಿದ ಕೂಡ್ಲೇ ಬೇಡ. ಯಾರನ್ನೂ ಕೇಳ್ಲಿಕ್ಕಿಲ್ಲ."

ಆಮೇಲೆ ನೀರು ಸುರಿದರು. ಪೂರ್ತಿ ಬಕೆಟ್. ನಾನು ಅಳುತ್ತಿದ್ದದ್ದು ಆ ನೀರಿನಲ್ಲಿ ಯಾರಿಗೂ ಕಾಣಲಿಲ್ಲ.

ಇದಾಗಿ ಒಂದು ವರ್ಷಕ್ಕೆ ಗುತ್ತಿಗೆದಾರರೊಬ್ಬರ ಮಗ ಸೇರಿದ. ಮೆತ್ತಗಿನ ಹುಡುಗ. ಅಪ್ಪನಿಗೆ ಹೆದರಿ ಪೈಲಟ್ ಆಗಲು ಬಂದವನು. ಅವನಿಗೆ ನೆಲ ಎಷ್ಟು ಹತ್ತಿರ ಬಂತೆಂಬ ಅಂದಾಜು ಸಿಗುತ್ತಿರಲಿಲ್ಲ. ಇನ್ನೂ ಮೇಲಿರುವಾಗಲೇ ವಿಮಾನದ ಮೂತಿ ಎತ್ತಿಬಿಡುತ್ತಿದ್ದ. ವಿಮಾನ ಅಲ್ಲಿಂದ ಕಲ್ಲಿನಂತೆ ಬೀಳುತ್ತಿತ್ತು, ಪ್ರತಿ ಸಲವೂ ಮೇಡಂ ಹಿಡಿಯುತ್ತಿದ್ದರು. "ನಿನಗೆ ನೆಲ ಕಾಣಿಸ್ಲಿಕ್ಕೆ ಸಮಯ ಬೇಕು. ಕಾಣ್ತದೆ. ಗಡಿಬಿಡಿ ಎಂತದು?" ಎಂದು ಅವನಿಗೆ ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದರು.

ಗಡಿಬಿಡಿ ಅವನ ಅಪ್ಪನಿಗಿತ್ತು. ಶಾಲೆಯ ವ್ಯವಸ್ಥಾಪಕರಿಗೆ ಆ ಅಪ್ಪನಿಂದ ವಿಮಾನ ನಿಲ್ಲಿಸುವ ಹೊಸ ಹ್ಯಾಂಗರ್ ಕಟ್ಟಿಸಿಕೊಳ್ಳಬೇಕಿತ್ತು. ಮಗನ ಸೋಲೋಗೆ ದಿನ ಗೊತ್ತುಮಾಡಿ, ನೆಂಟರನ್ನೂ ಫೋಟೋದವರನ್ನೂ ಕರೆದಿದ್ದರು. ಮದುವೆಗೆ ಕರೆದ ಹಾಗೆ! ಹಿಂದಿನ ದಿನ ಸಂಜೆ ಮೇಡಂ ಅವನ ತರಬೇತಿ ಫೈಲಿನಲ್ಲಿ ಬರೆಯುವಾಗ ನಾನು ಅದೇ ಮೇಜಿನ ಆಚೆ ಕೂತಿದ್ದೆ. ಇಂಗ್ಲಿಷಿನಲ್ಲಿ ಎರಡೇ ಸಾಲು: ನೆಲದ ಎತ್ತರದ ಅಂದಾಜು ಸಿಕ್ಕಿಲ್ಲ, ಸೋಲೋ ಇನ್ನೂ ಬೇಡ. ಕೊನೆಯ ಸಾಲಿನ ಅಡಿಗೆ ಎರಡು ಗೆರೆ ಎಳೆದು ಸಹಿ ಹಾಕಿ, ಫೈಲನ್ನು ನನ್ನ ಕಡೆ ತಿರುಗಿಸಿದರು.

"ಓದ್ಲಿಕ್ಕೆ ಆಗ್ತದಾ? ನನ್ನ ಅಕ್ಷರ ಅಪ್ಪನಿಗೂ ಅರ್ಥ ಆಗುದಿಲ್ಲ."

"ಆಗ್ತದೆ ಮೇಡಂ."

ಮರುದಿನ ಪುತ್ತೂರಿನ ಆಸ್ಪತ್ರೆಯಲ್ಲಿ ಅವರ ಅಪ್ಪನಿಗೆ ಶಸ್ತ್ರಚಿಕಿತ್ಸೆ ಇತ್ತು. ಆ ಮೇಜಿನಿಂದಲೇ ಬ್ಯಾಗ್ ಎತ್ತಿಕೊಂಡು ಬಸ್ಸು ಹಿಡಿಯಲು ಹೊರಟರು.

ಬೆಳಿಗ್ಗೆ ವ್ಯವಸ್ಥಾಪಕರು ಆ ಹುಡುಗನೊಬ್ಬನನ್ನೇ ಹಾರಲು ಕಳಿಸಿದರು. ಅವನು ಎತ್ತರದಲ್ಲೇ ಮೂತಿ ಎತ್ತಿದ. ಹಿಡಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ವಿಮಾನ ಬಿದ್ದು, ಪುಟಿದು, ಮತ್ತೆ ಮೂಗು ಮುಂದಾಗಿ ಬಿತ್ತು. ಅವನ ಬೆನ್ನುಮೂಳೆ ಮುರಿಯಿತು. ಅವನ ತಾಯಿ ಸಿಹಿ ಡಬ್ಬಿ ಹಿಡಿದುಕೊಂಡೇ ಓಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ತನಿಖೆಗೆ ವಿಮಾನಯಾನ ಇಲಾಖೆಯ ಇಬ್ಬರು ಅಧಿಕಾರಿಗಳು ಬರುವ ಹೊತ್ತಿಗೆ ಫೈಲಿನಲ್ಲಿ ಬೇರೆ ಹಾಳೆ ಇತ್ತು. ಸೋಲೋಗೆ ಯೋಗ್ಯ ಎಂದು ಬರೆದು ಮೇಡಂ ಸಹಿಯಂಥದ್ದೇ ಒಂದು ಸಹಿ. ನಿಜವಾದ ಹಾಳೆಯನ್ನು ಓದಿದವಳು ನಾನೊಬ್ಬಳೇ. ನನ್ನ ಸರದಿಗೆ ಮೊದಲು ವ್ಯವಸ್ಥಾಪಕರು ನನ್ನನ್ನು ಕರೆದು ಚಹಾ ಕೊಟ್ಟರು.

"ನಿಮ್ಮ ಲೈಸೆನ್ಸಿಗೆ ಇನ್ನು ಸ್ವಲ್ಪವೇ ಹಾರಾಟದ ಗಂಟೆ ಬಾಕಿ ಅಲ್ವಾಮ್ಮ? ವಿಮಾನ ಕಡಿಮೆ ಇದೆ ಈಗ. ಯಾರಿಗೆ ಮೊದಲು ಕೊಡಬೇಕು ಅಂತ ನಾವೇ ನೋಡಬೇಕು," ಎಂದರು. ಬೆದರಿಸಲಿಲ್ಲ. ಬೆದರಿಸಿದ್ದರೆ ನಾನು ತಿರುಗಿಬೀಳುತ್ತಿದ್ದೆನೇನೋ. ನಗುತ್ತಾ ಬಿಸ್ಕತ್ತಿನ ತಟ್ಟೆ ನನ್ನತ್ತ ಸರಿಸಿದರು. ನಾನು ಒಂದು ಬಿಸ್ಕತ್ತು ತೆಗೆದುಕೊಂಡೆ ಕೂಡ.

ತನಿಖೆಯ ಕೋಣೆಯೊಳಗೆ ಮೇಡಂ ಮೇಜಿನ ಇನ್ನೊಂದು ತುದಿಯಲ್ಲಿದ್ದರು. ಅಧಿಕಾರಿ ಕೇಳಿದರು: "ಆ ಸಂಜೆ ಅವರು ಫೈಲಿನಲ್ಲಿ ಏನು ಬರೆದರು, ನೀವು ನೋಡಿದಿರಾ?"

"ಗಮನಿಸಲಿಲ್ಲ ಸರ್."

ಒಂದೇ ಶಬ್ದ, ಮತ್ತೊಂದು ಸರ್. ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ಮೆಲ್ಲಗೆ ತೆಗೆದು ತೊಡೆಯಡಿಗೆ ಇಟ್ಟುಕೊಂಡರು.

ಅವರ ಕಲಿಸುವ ಪರವಾನಗಿ ಹೋಯಿತು. ನನ್ನ ಲೈಸೆನ್ಸ್ ಬಂತು. ಕೆಲಸವೂ ಸಿಕ್ಕಿತು. ಬೆಳ್ಳಾರೆಯಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಶಾಲು ಹೊದಿಸಿಕೊಂಡು ಗುರುಗಳನ್ನು ನೆನೆಯುವ ಮಾತನ್ನೂ ಆಡಿದೆ. ಆ ಭಾಷಣದ ವಿಡಿಯೋ ಇನ್ನೂ ಅಪ್ಪನ ಫೋನಿನಲ್ಲಿದೆ. ಅದನ್ನು ನೋಡಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸನ್ಮಾನದ ಮರುದಿನ ಬಸ್ಸು ಬದಲಿಸಿಕೊಂಡು ಕಡಬಕ್ಕೆ ಹೋದೆ. ಅಲ್ಲಿಂದ ಹಳ್ಳಿಗೆ ಜೀಪು. "ವಿಮಾನದ ಟೀಚರ್ ಮನೆಗಾ?" ಎಂದ ಜೀಪಿನವರೇ ಅವರ ತಮ್ಮ ಎಂದು ಇಳಿಯುವಾಗ ಗೊತ್ತಾಯಿತು. ಮೇಡಂ ಅಂಗಳದ ಬದಿಯಲ್ಲಿ ರಬ್ಬರ್ ಶೀಟನ್ನು ಒತ್ತುವ ಯಂತ್ರಕ್ಕೆ ಕೊಟ್ಟು ಹಿಡಿಕೆ ತಿರುಗಿಸುತ್ತಿದ್ದರು. ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆಂದು ತಮ್ಮ ಹೇಳಿದ್ದರು. ನನ್ನನ್ನು ನೋಡಿ ಹಿಡಿಕೆ ನಿಲ್ಲಿಸಲಿಲ್ಲ.

"ಶೀಟಿನ ಆ ಕಡೆ ಹಿಡ್ಕೊ. ಮಡಚ್ತದೆ."

ಹಿಡಿದೆ. ಹನ್ನೊಂದು ಶೀಟು ಮುಗಿಸಿದೆವು. ಆಮೇಲೆ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ ಬಡಿಸಿದರು. ನಾನು ಅನ್ನ ಕಲಸುತ್ತಲೇ ಕೂತೆ.

"ಮೇಡಂ, ಅವತ್ತು ನಾನು..."

"ಗೊತ್ತುಂಟು. ನೀನು ಬಾಯಿ ಬಿಟ್ಟಿದ್ರೆ ನಿನ್ನನ್ನೂ ಮನೆಗೆ ಕಳಿಸ್ತಿದ್ರು. ನಿನಗೆ ಹೆದರಿಕೆ ಆಯ್ತು. ಅದು ನನಗೆ ಅರ್ಥ ಆಗ್ತದೆ." ಮಜ್ಜಿಗೆ ಬಡಿಸಿದರು. "ಅರ್ಥ ಆಗುದು ಬೇರೆ, ಕ್ಷಮಿಸುದು ಬೇರೆ. ನಾನು ಕ್ಷಮಿಸ್ಲಿಲ್ಲ. ಊಟ ಮಾಡು."

"ಈಗ ಬರೆದುಕೊಡ್ತೇನೆ ಮೇಡಂ. ನೋಡಿದ್ದೇನೆ ಅಂತ."

"ಕೊಡು. ನನಗಾಗಿ ಅಲ್ಲ. ಆ ಹುಡುಗ ಹಾಸಿಗೆಯಲ್ಲಿ ಬಿದ್ಕೊಂಡು ನಾನೇ ಕಳಿಸಿದ್ದು ಅಂತ ಎಣಿಸಿರ್ತಾನೆ. ನನ್ನಿಂದ ಸಹಿಸ್ಲಿಕ್ಕೆ ಆಗದ್ದು ಅದೊಂದೇ."

ಬರೆಯುತ್ತೇನೆ ಎಂದು ಬಂದೆ. ಬರೆಯಲಿಲ್ಲ. ಕೆಲಸ ಹೊಸತು, ಕಾಯಂ ಆಗಲಿ ಎಂದೆ. ಕಾಯಂ ಆದ ಮೇಲೆ ಮನೆಯ ಮಾಡಿಗೆ ಹೊಸ ಹೆಂಚು ಹೊಚ್ಚುವ ಕೆಲಸ ಮುಗಿಯಲಿ ಎಂದೆ. ನೆಪಗಳಿಗೆ ಬರವಿರಲಿಲ್ಲ. ಎರಡು ವರ್ಷ ಹೀಗೇ ಕಳೆದೆ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅದೇ ಹಾರಾಟ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ. ಮೆದುಳಿನಲ್ಲಿ ರಕ್ತಸ್ರಾವವಾಗಿ ಪುತ್ತೂರಿನ ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು. ಶಾಲೆಯವರು ಅವರ ಫೋಟೋಗೆ ಹೂಗಳ ಚೌಕಟ್ಟು ಹಾಕಿ, 'ನಮ್ಮ ಹೆಮ್ಮೆಯ ಗುರು' ಎಂದು ಬರೆದಿದ್ದರು. ಅವರ ಹೊಟ್ಟೆಯ ಮೇಲೆ ಹೊಡೆದವರೇ! ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಮಧ್ಯಾಹ್ನ ವ್ಯವಸ್ಥಾಪಕರೇ ಫೋನ್ ಮಾಡಿದರು.

"ನೀವು ಅವರ ಅಚ್ಚುಮೆಚ್ಚಿನ ಶಿಷ್ಯೆ. ಮೂರ್ನಾಲ್ಕು ಒಳ್ಳೆಯ ಮಾತು ಕಳಿಸಿಕೊಡಿ, ಹಾಕ್ತೇವೆ."

"ಕಳಿಸ್ತೇನೆ ಸರ್. ನಾಲ್ಕು ಮಾತು ಸಾಲುದಿಲ್ಲ, ನಾಲ್ಕು ಪುಟ ಆಗ್ತದೆ. ಮೊದಲು ಇಲಾಖೆಗೆ ಕಳಿಸ್ತೇನೆ, ಆಮೇಲೆ ನಿಮಗೆ," ಎಂದೆ. ಅವರು ಫೋನಿಟ್ಟರು.

ಆಮೇಲೆ ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಅವನು ವಾಕರ್ ಹಿಡಿದು ಹತ್ತು ಹೆಜ್ಜೆ ನಡೆಯುತ್ತಾನಂತೆ. ಎಲ್ಲವನ್ನೂ ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ.

"ಮೇಡಂ ಹಿಂದಿನ ಸಂಜೆಯೇ ಒಪ್ಪಿ ಸಹಿ ಹಾಕಿದ್ದಾರೆ ಅಂತ ಅವತ್ತು ಬೆಳಿಗ್ಗೆ ಮ್ಯಾನೇಜರ್ ಹೇಳಿದ್ರು," ಎಂದ. "ಕೊನೆಗೂ ಅವರಿಗೆ ನನ್ನ ಮೇಲೆ ನಂಬಿಕೆ ಬಂತು ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ ಅಕ್ಕಾ? ಆ ಖುಷಿಯಲ್ಲೇ ಹತ್ತಿದ್ದು ನಾನು."

ಇಬ್ಬರೂ ಬರೆದು, ಸಹಿ ಹಾಕಿ ಕಳಿಸಿದೆವು. ಹಳೆಯ ಕಡತ ತೆರೆಯುವ ಬಗ್ಗೆ ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ. ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ ನನಗೂ ನೋಟಿಸ್ ಬಂದಿದೆ. ಬರಬೇಕಾದದ್ದೇ. ನನ್ನ ಹಿಂದೆ ಕೂತವರನ್ನು ಮಳೆಗಾಳಿಯಲ್ಲಿ ಕ್ಷೇಮವಾಗಿ ಇಳಿಸುವುದನ್ನೂ, ಇಳಿಸಬಾರದೆಂದು ಕಂಡಾಗ ಯಾರನ್ನೂ ಕೇಳದೆ ಮತ್ತೆ ಮೇಲೇರುವುದನ್ನೂ ಕಲಿಸಿದವರು ಅವರು. ಆಕಾಶದಲ್ಲಿ ಅದನ್ನು ಚೆನ್ನಾಗಿಯೇ ಕಲಿತೆ. ನೆಲದ ಮೇಲೆ, ನಾಲ್ಕು ಗೋಡೆಗಳ ನಡುವೆ, ಒಂದು ತಟ್ಟೆ ಬಿಸ್ಕತ್ತಿನ ಮುಂದೆ ಮರೆತೆ.

ಹೇಳಿಕೆಯ ಪ್ರತಿಯೊಂದನ್ನು ತೆಗೆದುಕೊಂಡು ಕಡಬಕ್ಕೆ ಹೋದೆ. ಜೀಪಿಗೆ ಜನ ತುಂಬುತ್ತಿದ್ದರು. ಮೇಡಂ ಅವರ ತಮ್ಮ ಜೀಪಿನ ಬಾನೆಟ್ಟಿಗೆ ಒರಗಿ ನಿಂತು ನಾಲ್ಕೂ ಪುಟ ಓದಿದರು. ಹಿಂದಿನಿಂದ ಯಾರೋ "ಹೊರಡುವ ಮಾರಾಯ್ರೆ, ಹೊತ್ತಾಯ್ತು" ಎಂದು ಕೂಗುತ್ತಿದ್ದರು. ಓದಿ ಮುಗಿಸಿ, ಹಾಳೆಗಳನ್ನು ನೀಟಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಇದನ್ನು ಅಕ್ಕನಿಗೆ ಓದ್ಲಿಕ್ಕೆ ಕೊಡ್ಬೇಕಿತ್ತು ನೀವು," ಎಂದರು.

ಜೀಪಿನ ಮುಂದಿನ ಸೀಟಿನಲ್ಲಿ ಒಬ್ಬರು ಕೂರುವಷ್ಟು ಜಾಗ ಇತ್ತು. ಅವರು ನನಗೆ ಹತ್ತಿ ಎನ್ನಲಿಲ್ಲ. ನಾನೂ ಕೇಳಲಿಲ್ಲ.